ಎತ್ತಿಗೆ ಜ್ವರ, ಎಮ್ಮೆಗೆ ಬರೆ

ರಾತ್ರಿ ಎರಡು ಗಂಟೆ. ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ, ಫ್ರಿಜ್ಜಿಗೆ ಬೆನ್ನು ಕೊಟ್ಟು ಕುಳಿತಿದ್ದೆ. ಮಡಿಲಲ್ಲಿ ತಣ್ಣೀರಿನ ಚೊಂಬು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಎಡ ದವಡೆಯಲ್ಲಿ ನಿಲ್ಲಿಸಿಕೊಂಡರೆ ನೋವು ದೀಪ ಆರಿಸಿದಂತೆ ನಿಂತುಹೋಗುತ್ತಿತ್ತು. ನೀರು ಬಾಯಿಯ ಬಿಸಿಗೆ ಬೆಚ್ಚಗಾದ ಕೂಡಲೇ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಗಣಿತ ಕಲಿಸುವವಳಾದ್ದರಿಂದ ಲೆಕ್ಕ ಹಾಕದೆ ಇರಲಾಗಲಿಲ್ಲ. ಒಂದು ಗುಟುಕಿಗೆ ಸುಮಾರು 40 ಸೆಕೆಂಡು ನೆಮ್ಮದಿ. ಚೊಂಬಿನಲ್ಲಿ 20 ಗುಟುಕು. ಬೆಳಗಿನ ಆರು ಗಂಟೆಯವರೆಗೆ ತಳ್ಳಬೇಕಾದರೆ 18 ಚೊಂಬು ಬೇಕು. ಫ್ರಿಜ್ಜಿನಲ್ಲಿದ್ದದ್ದು ಮೂರು ಬಾಟಲಿ.

ಸದ್ದಿಗೆ ಅತ್ತೆ ಎದ್ದು ಬಂದರು. ಕೂದಲು ಕೆದರಿಕೊಂಡು, ಒಂದು ಕೆನ್ನೆ ಉಬ್ಬಿಸಿಕೊಂಡು, ಕತ್ತಲಲ್ಲಿ ಕುಳಿತ ಸೊಸೆಯನ್ನು ಕಂಡು ‘ಅಯ್ಯೋ ಮಾದಪ್ಪಾ’ ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಬಾಯಲ್ಲಿ ನೀರಿದ್ದದ್ದರಿಂದ ನಾನು ಮಾತಾಡಲಿಲ್ಲ. ಅದರಿಂದ ಅವರು ಇನ್ನಷ್ಟು ಹೆದರಿದರು.

ಈ ಕಥೆ ಶುರುವಾದದ್ದು ಸಂಕ್ರಾಂತಿಯ ದಿನ ಎಂದು ನಾನು ನಂಬಿದ್ದೇನೆ. ಸಾಧಿಸಿ ತೋರಿಸಲು ನನ್ನಿಂದಾಗದು. ಪಕ್ಕದ ಮನೆಯ ಹುಡುಗಿ ಎಳ್ಳು ಬೀರಲು ಬಂದಿದ್ದಳು. ಎಳ್ಳು, ಕೊಬ್ಬರಿ, ಹುರಿಗಡಲೆ, ಕಡಲೆಬೀಜ, ಬೆಲ್ಲದ ಚೂರುಗಳ ಪೊಟ್ಟಣ, ಒಂದು ಜಲ್ಲೆ ಕಬ್ಬು, ಜೊತೆಗೆ ಸಕ್ಕರೆ ಅಚ್ಚಿನ ಒಂದು ಆನೆ. ಮನೆಯಲ್ಲಿ ಪಾಕ ಹಿಡಿದು ಹೊಯ್ದ ಅಚ್ಚು ನಾಲಿಗೆಗೆ ಸಿಕ್ಕರೆ ಪುಡಿಯಾಗುತ್ತದೆ. ಇದು ಅಂಗಡಿಯದು, ಸುಣ್ಣದ ಕಲ್ಲಿನ ಹಾಗಿತ್ತು. ಆನೆಯ ಹಿಂಗಾಲನ್ನು ಎಡ ದವಡೆಗೆ ಕೊಟ್ಟು ಕಡಿದೆ. ಕಟಕ್ ಎಂದಿತು. ಮುರಿದದ್ದು ಆನೆ ಎಂದುಕೊಂಡೆ.

ಮಂಡ್ಯದವರಿಗೆ ಹಲ್ಲಿನ ವಿಷಯದಲ್ಲಿ ಸ್ವಲ್ಪ ಜಂಬವಿದೆ. 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿದ ಊರು ನಮ್ಮದು. ಕಾರ್ಖಾನೆಗೆ ಸಾಲುಗಟ್ಟಿ ಹೋಗುತ್ತಿದ್ದ ಗಾಡಿಗಳ ಹಿಂದೆ ಓಡಿ, ಜಲ್ಲೆ ಎಳೆದುಕೊಂಡು, ಚಾಕು ಮುಟ್ಟದೆ ಹಲ್ಲಿನಲ್ಲೇ ಸಿಪ್ಪೆ ಸುಲಿದು ಬೆಳೆದವರು ನಾವು. ಆ ಜಂಬಕ್ಕೆ ಸಿಕ್ಕ ಪ್ರತಿಫಲವೂ ಬಾಯಲ್ಲೇ ಇತ್ತು. ಹತ್ತನೆಯ ತರಗತಿಯಲ್ಲಿದ್ದಾಗ ಮೇಲಿನ ಎಡ ದವಡೆಯ ಒಂದು ಹಲ್ಲು ಹುಳುಕಾಗಿ ಅಪ್ಪ ಬೆಳ್ಳಿ ಹಾಕಿಸಿದ್ದರು. ಬೆಳ್ಳಿ ಎನ್ನುವುದು ಮರ್ಯಾದೆಯ ಮಾತು. ಆ ಮಿಶ್ರಣದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಪಾದರಸವೇ ಇರುತ್ತದೆ. ಮೂವತ್ತು ವರ್ಷ ಅದು ತನ್ನ ಪಾಡಿಗೆ ತಾನಿತ್ತು, ನಾನೂ ಮರೆತಿದ್ದೆ. ಈ ಮರೆವೇ ಮುಂದೆ ನನ್ನನ್ನು ದಾರಿ ತಪ್ಪಿಸಿತು.

ಸಂಕ್ರಾಂತಿ ಕಳೆದ ಮೇಲೆ ವಿಚಿತ್ರವಾದ ಒಂದು ಚುಳುಕು ಶುರುವಾಯಿತು. ಅಗಿಯುವಾಗ ಏನೂ ಇಲ್ಲ. ಕಚ್ಚಿ, ಹಲ್ಲು ಬಿಡುವ ಗಳಿಗೆಯಲ್ಲಿ ಚುಳ್ ಎನ್ನುತ್ತಿತ್ತು. ಅದೂ ದಿನಕ್ಕೊಮ್ಮೆ, ಎರಡು ದಿನಕ್ಕೊಮ್ಮೆ, ಚಪಾತಿಗೆ ಬಾರದೆ ಹುರಿಗಡಲೆಗೆ ಬಂದು, ಮರುದಿನ ಹುರಿಗಡಲೆಗೂ ಬಾರದೆ. ಬೇಕೆಂದು ಕಚ್ಚಿ ನೋಡಿದರೆ ಇಲ್ಲವೇ ಇಲ್ಲ. ಇಂಥದ್ದನ್ನು ಯಾವ ಡಾಕ್ಟರ ಹತ್ತಿರ ಹೇಳುವುದು ಎಂದು ಸುಮ್ಮನಿದ್ದೆ. ಶಿವರಾತ್ರಿಯ ಹೊತ್ತಿಗೆ ತಣ್ಣೀರು ಕುಡಿದರೆ ಜುಮ್ಮೆನ್ನತೊಡಗಿತು. ಎರಡು ವಾರದಲ್ಲಿ ಅದು ತಲೆಕೆಳಗಾಯಿತು. ತಣ್ಣೀರು ಹಿತವಾಗಿ, ಬಿಸಿ ವೈರಿಯಾಯಿತು. ಒಂದು ಗುಟುಕು ಕಾಫಿ ಕುಡಿದರೆ ಕಿವಿಯವರೆಗೆ ಕಾದ ಸಲಾಕೆ ಎಳೆದಂತಾಗಿ, ಅದು ಆರಲು ಕಾಲು ಗಂಟೆ ಬೇಕಾಗುತ್ತಿತ್ತು.

ಮುದ್ದೆ ಉಣ್ಣುವವರಿಗೆ ಹಲ್ಲುನೋವಿನಲ್ಲಿ ಒಂದು ಅನುಕೂಲ ಇರಬೇಕಿತ್ತು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅಗಿದು ತಿನ್ನುವವರನ್ನು ಕಂಡರೆ ನಮ್ಮ ಕಡೆ ಮಕ್ಕಳೂ ನಗುತ್ತಾರೆ. ಆದರೆ ಮುದ್ದೆಯನ್ನು ಆರಿಸಿಕೊಂಡು ತಿಂದವರುಂಟೇ? ಆರಿದ ಮುದ್ದೆ, ತಣ್ಣಗಿನ ಬಸ್ಸಾರು. ನಾಲ್ಕು ದಿನ ಅದನ್ನು ಉಂಡೆ. ಜೈಲಿನಲ್ಲೂ ಇದಕ್ಕಿಂತ ಬಿಸಿಯಾಗಿ ಕೊಡುತ್ತಾರೇನೋ.

ನಾನು ಕೆಲಸ ಮಾಡುವುದು ಶ್ರೀರಂಗಪಟ್ಟಣದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಹಲ್ಲುನೋವು ಎಂದು ಶಿಕ್ಷಕರ ಕೊಠಡಿಯಲ್ಲಿ ಬಾಯಿ ಬಿಟ್ಟದ್ದೇ ತಪ್ಪಾಯಿತು. ಲವಂಗ ಜಗಿಯಿರಿ ಎಂದರು ಒಬ್ಬರು. ಸೀಬೆ ಎಲೆ ಕುದಿಸಿ ಮುಕ್ಕಳಿಸಿ ಎಂದರು ಇನ್ನೊಬ್ಬರು. ಬಿಸಿ ತಾಕಿದರೆ ಪ್ರಾಣ ಹೋಗುತ್ತದೆ ಎಂದು ಆಗಷ್ಟೇ ಹೇಳಿದ್ದೆ. ಸಮಾಜ ವಿಜ್ಞಾನದ ಮೇಷ್ಟ್ರು ತಮ್ಮ ಅಜ್ಜಿ ಎಕ್ಕದ ಹಾಲನ್ನು ಹತ್ತಿಯಲ್ಲಿ ಅದ್ದಿ ಹಲ್ಲಿನ ತೂತಿಗೆ ಇಡುತ್ತಿದ್ದರೆಂದೂ, ಮೂರೇ ದಿನದಲ್ಲಿ ಹಲ್ಲು ತಾನಾಗಿ ಉದುರುತ್ತಿತ್ತೆಂದೂ ಹೆಮ್ಮೆಯಿಂದ ಹೇಳಿದರು. ಒಸಡು ಉಳಿಯುತ್ತಿತ್ತೇ ಎಂದು ನಾನು ಕೇಳಲಿಲ್ಲ. ಅಡುಗೆಯವರು ತಮ್ಮ ಸೆರಗಿನ ಗಂಟಿನಿಂದ ಒಂದು ಚಿಟಿಕೆ ಕಡ್ಡಿಪುಡಿ ತೆಗೆದು, ‘ಒಸಡಿಗೆ ಒತ್ತಿಕೊಳ್ಳಿ ಮೇಡಂ, ಯಾರಿಗೂ ಹೇಳುವುದಿಲ್ಲ’ ಎಂದರು. ಆ ಪ್ರೀತಿಗೆ ಕಣ್ಣು ತುಂಬಿ ಬಂತು. ನೋವಿಗೂ ಇರಬಹುದು.

ಅತ್ತೆಯ ಮಾತು ಇನ್ನೂ ಹಳೆಯದು. ಅವರ ತವರಿನಲ್ಲಿ ಹಲ್ಲಿನ ಹುಳ ತೆಗೆಯುವವರು ಬರುತ್ತಿದ್ದರಂತೆ. ಕಾದ ಓಡಿನ ಮೇಲೆ ಕಾಡು ಬದನೆಯ ಬೀಜ ಹಾಕಿ, ಹೊಗೆಯನ್ನು ಕೊಳವೆಯಿಂದ ಬಾಯಿಗೆ ಹಿಡಿಸಿ, ಕೆಳಗಿಟ್ಟ ನೀರಿನ ಬಟ್ಟಲಿನಲ್ಲಿ ಬಿದ್ದ ಬಿಳಿ ಹುಳಗಳನ್ನು ತೋರಿಸುತ್ತಿದ್ದರಂತೆ. ಬಟ್ಟಲಿನಲ್ಲಿ ತೇಲುತ್ತಿದ್ದದ್ದು ಬೀಜದ ಮೊಳಕೆಯ ಎಳೆಗಳಿರಬೇಕು ಎಂದೆ. ‘ನಾನು ಕಣ್ಣಾರೆ ಕಂಡಿದ್ದೇನೆ’ ಎಂದರು. ಮಾತಿನೊಳಗೇ ಹುಳ ಹೊಕ್ಕಿರುವಾಗ ಅವರನ್ನು ಏನೆಂದು ದೂರಲಿ? ನಾನೂ ಹುಳುಕು ಹಲ್ಲು ಎಂದೇ ಅನ್ನುತ್ತೇನೆ. ಹಲ್ಲು ಹುಳುಕಾಗುವುದು ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಬಿಡುವ ಆಮ್ಲದಿಂದ ಎಂದು ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತಿದೆ.

ಆ ರಾತ್ರಿ ಅತ್ತೆ ತಂದುಕೊಟ್ಟದ್ದು ಲವಂಗದ ಎಣ್ಣೆ. ಅದರಲ್ಲಿರುವ ಯುಜಿನಾಲ್ ನಿಜವಾಗಿಯೂ ನರವನ್ನು ಸ್ವಲ್ಪ ಮರಗಟ್ಟಿಸುತ್ತದೆ. ದಂತವೈದ್ಯರು ಹಾಕುವ ಕೆಲವು ತಾತ್ಕಾಲಿಕ ಸಿಮೆಂಟಿನ ವಾಸನೆಯೂ ಅದೇ. ಆದರೆ ತೂತಿರುವ ಹಲ್ಲಿಗಾದರೆ ಸರಿ, ಒಳಗೆ ಇಳಿಯುತ್ತದೆ. ತೂತೇ ಇಲ್ಲದ ಹಲ್ಲಿನ ಸುತ್ತ ಹತ್ತಿ ಅದ್ದಿ ಅದ್ದಿ ಒತ್ತಿಕೊಂಡ ನನಗೆ ಬೆಳಗಿನ ಹೊತ್ತಿಗೆ ಒಸಡು ಬಿಳಿಚಿಕೊಂಡು ಉರಿಯತೊಡಗಿತು. ಒಂದು ನೋವಿಗೆ ಜೊತೆ ಸಿಕ್ಕಿತು, ಅಷ್ಟೇ. ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲೆ ಇಟ್ಟುಕೊಳ್ಳುವವರೂ ಇದ್ದಾರೆ. ಅದೂ ಹಾಗೆಯೇ ಸುಡುತ್ತದೆ. ಮಾತ್ರೆ ಇರುವುದು ನುಂಗಲು.

ಮರುದಿನ ಔಷಧಿ ಅಂಗಡಿಯಲ್ಲಿ ಹಲ್ಲುನೋವು ಎಂದದ್ದೇ ತಡ, ಒಂದು ಪಟ್ಟಿ ಅಮಾಕ್ಸಿಸಿಲಿನ್, ಒಂದು ಪಟ್ಟಿ ನೋವಿನ ಮಾತ್ರೆ ಕೈಗೆ ಬಂತು. ಚೀಟಿ ಕೇಳಲಿಲ್ಲ. ಐದು ದಿನ ನುಂಗಿದೆ. ಹೊಟ್ಟೆ ಕೆಟ್ಟಿತು, ಹಲ್ಲು ಕದಲಲಿಲ್ಲ. ಆಮೇಲೆ ತಿಳಿದದ್ದು: ಹಲ್ಲಿನೊಳಗಿನ ನರ ಊದಿಕೊಂಡು ಬರುವ ಈ ಬಗೆಯ ನೋವಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಅಮೆರಿಕದ ದಂತವೈದ್ಯರ ಸಂಘ 2019ರ ತನ್ನ ಮಾರ್ಗಸೂಚಿಯಲ್ಲಿ ಕೊಡಬೇಡಿ ಎಂದೇ ಬರೆದಿದೆ. ಮುಖ ಊದಿ, ಜ್ವರ ಬಂದರೆ ಅದು ಬೇರೆ ಮಾತು. ಬಾಯಿ ತೆರೆಯಲಾಗದಿದ್ದರೆ, ಎಂಜಲು ನುಂಗಲು ಕಷ್ಟವಾದರೆ ಅಂಗಡಿಗೂ ಹೋಗಬಾರದು, ನೇರ ಆಸ್ಪತ್ರೆಗೆ ಹೋಗಬೇಕು. ನನಗೆ ಅದ್ಯಾವುದೂ ಇರಲಿಲ್ಲ. ನನಗೆ ಕೆಲಸಕ್ಕೆ ಬಂದದ್ದು ಐಬುಪ್ರೊಫೇನ್ 400 ಮಿಲಿಗ್ರಾಂ ಜೊತೆಗೆ ಪ್ಯಾರಸಿಟಮಾಲ್, ಎರಡನ್ನೂ ಊಟದ ಮೇಲೆ ಒಟ್ಟಿಗೆ. ಬೇರೆ ಬೇರೆಯಾಗಿ ನುಂಗಿದಾಗ ಇಷ್ಟು ಹಿಡಿತ ಸಿಗಲಿಲ್ಲ. ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರು, ಗರ್ಭಿಣಿಯರು ಐಬುಪ್ರೊಫೇನ್ ಮುಟ್ಟುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಪ್ಯಾರಸಿಟಮಾಲ್ ಕೂಡ ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಕುತ್ತು. ನೋವಿನ ರಾತ್ರಿಯಲ್ಲಿ ಲೆಕ್ಕ ತಪ್ಪುವುದು ಬಹಳ ಸುಲಭ. ನಾನು ಗೋಡೆಯ ಕ್ಯಾಲೆಂಡರಿನ ಮೇಲೆ ಹೊತ್ತು ಬರೆದಿಡುತ್ತಿದ್ದೆ, ಹಾಲಿನ ಲೆಕ್ಕದ ಪಕ್ಕದಲ್ಲಿ.

ಈಗ ನಾನು ಮಾಡಿದ ದೊಡ್ಡ ದಡ್ಡತನಕ್ಕೆ ಬರುತ್ತೇನೆ.

ಇಷ್ಟೂ ದಿನ ನೋವು ಇದ್ದದ್ದು ಕೆಳಗಿನ ಎಡ ದವಡೆಯಲ್ಲಿ. ಇದರಲ್ಲಿ ನನಗೆ ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ. ಬೆರಳಿಟ್ಟು ತೋರಿಸುತ್ತಿದ್ದೆ: ಇಲ್ಲಿ, ಕೊನೆಯಲ್ಲಿ, ಬುದ್ಧಿಹಲ್ಲಿನ ಹತ್ತಿರ. ಮಂಡ್ಯದ ದಂತವೈದ್ಯರು ಎಕ್ಸ್‌ರೇ ತೆಗೆದರು. ಕೆಳಗಿನ ಬುದ್ಧಿಹಲ್ಲು ಅರ್ಧ ಮಾತ್ರ ಹುಟ್ಟಿತ್ತು, ಓರೆಯಾಗಿತ್ತು, ಬದಿಯಲ್ಲಿ ಸಣ್ಣ ಹುಳುಕೂ ಇತ್ತು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿ, ‘ಈ ಹಲ್ಲು ಕೆಟ್ಟಿದೆ ಎನ್ನುವುದು ನಿಜ. ನಿಮ್ಮ ಈ ನೋವು ಇದರಿಂದಲೇ ಬಂದದ್ದು ಎಂದು ನಾನು ಹೇಳಲಾರೆ. ಹುಳುಕು ಇನ್ನೂ ಒಳಗೆ ಮುಟ್ಟಿಲ್ಲ. ಮೂರು ದಿನ ಕಾಯೋಣವೇ?’ ಎಂದರು.

ಮೂರು ದಿನ! 40 ಸೆಕೆಂಡಿನ ಲೆಕ್ಕದಲ್ಲಿ ಬದುಕುತ್ತಿದ್ದವಳಿಗೆ. ನಾನು ಜಗಳಕ್ಕೇ ನಿಂತೆ. ನನ್ನ ಹಲ್ಲು, ನನ್ನ ನೋವು, ಎಲ್ಲಿದೆ ಎಂದು ನನಗೆ ಗೊತ್ತಿಲ್ಲವೇ ಎಂದೆ. ನಮ್ಮವರು ಪಕ್ಕದಲ್ಲಿ ಕುಳಿತು ಚಾವಣಿ ನೋಡುತ್ತಿದ್ದರು. ಕೊನೆಗೆ ಅವರು ಕಿತ್ತರು. ಓರೆಯಾಗಿದ್ದ ಹಲ್ಲು, ಸುಲಭಕ್ಕೆ ಬರಲಿಲ್ಲ. ಎರಡು ಹೊಲಿಗೆ ಬಿತ್ತು. ಆ ಸಂಜೆ, ಇಂಜೆಕ್ಷನ್ನಿನ ಜೋಮು ಇಳಿಯುವವರೆಗೆ, ನನ್ನಷ್ಟು ಸುಖಿ ಇಡೀ ಜಿಲ್ಲೆಯಲ್ಲಿ ಇರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಅದೇ ಸಲಾಕೆ ಅದೇ ಜಾಗದಲ್ಲಿ ಮತ್ತೆ ಕಾಯತೊಡಗಿತು. ಹಲ್ಲಿಲ್ಲದ ಜಾಗದಲ್ಲಿ.

ಕಿತ್ತ ಗುಳಿ ಒಣಗಿರಬಹುದು ಎಂದು ಮೂರನೆಯ ದಿನ ಅವರು ಮತ್ತೆ ನೋಡಿದರು. ರಕ್ತ ಚೆನ್ನಾಗಿ ಹೆಪ್ಪುಗಟ್ಟಿತ್ತು, ಗುಳಿಯಲ್ಲಿ ದೋಷವಿರಲಿಲ್ಲ. ‘ನಾನು ಹೇಳಿದ್ದೆನಲ್ಲ’ ಎಂದು ಒಂದೇ ಒಂದು ಸಲವೂ ಅನ್ನಲಿಲ್ಲ. ಆ ಸೌಜನ್ಯಕ್ಕೆ ನಾನು ಇಂದಿಗೂ ನಾಚುತ್ತೇನೆ. ಮೈಸೂರಿನ ಒಂದು ದಂತ ವೈದ್ಯಕೀಯ ಕಾಲೇಜಿಗೆ ಚೀಟಿ ಬರೆದುಕೊಟ್ಟು, ‘ನಾಳೆ ಬೆಳಿಗ್ಗೆ ನೋವಿನ ಮಾತ್ರೆ ನುಂಗದೆ ಹೋಗಿ. ನೋವು ಇದ್ದರೇ ಕಳ್ಳ ಸಿಗುವುದು’ ಎಂದರು.

ಬೆಳಗಿನ ರೈಲಿಗೆ ಹೊರಟೆ. ಮಾತ್ರೆ ಇಲ್ಲ. ಕೈಚೀಲದಲ್ಲಿ ಮಂಜುಗಡ್ಡೆ ತುಂಬಿದ ಎರಡು ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿಟ್ಟುಕೊಂಡಿದ್ದೆ. ದಿನದ ಪಾಸಿನವರು ಎಲಿಯೂರಿನ ಹೊತ್ತಿಗೆ ಇಸ್ಪೀಟು ಹರಡಿದರು. ಪಾಂಡವಪುರದಲ್ಲಿ ಒಂದು ಬಾಟಲಿ ಮುಗಿಯಿತು. ಎದುರಿಗೆ ಕುಳಿತ ಹುಡುಗ ಬಿಸಿ ಕಾಫಿ ಊದಿ ಊದಿ ಕುಡಿಯುತ್ತಿದ್ದ. ಅವನನ್ನು ನಾನು ನೋಡಿದ ನೋಟಕ್ಕೆ ಅವನು ಎದ್ದು ಬಾಗಿಲ ಬಳಿ ಹೋದ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಜನ ಕೈಮುಗಿದು ನಾಣ್ಯ ಎಸೆಯುತ್ತಾರೆ. ನನಗೆ ಕಂಡದ್ದು ಅಷ್ಟೊಂದು ತಣ್ಣೀರು ಸುಮ್ಮನೆ ಹರಿದುಹೋಗುತ್ತಿರುವುದು.

ಕಾಲೇಜಿನಲ್ಲಿ ಚೀಟಿ, ಸಾಲು, ಮತ್ತೊಂದು ಚೀಟಿ, ಮತ್ತೊಂದು ಸಾಲು. ಹನ್ನೊಂದಕ್ಕೆ ಕುರ್ಚಿ ಸಿಕ್ಕಿತು. ನೋಡಿದವರು ಸ್ನಾತಕೋತ್ತರ ಓದುತ್ತಿದ್ದ ಒಬ್ಬ ಹುಡುಗಿ. ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ ವಯಸ್ಸು. ಬಾಯಿ ತೆರೆಯಲು ಹೇಳುವ ಮೊದಲು ಹದಿನೈದು ನಿಮಿಷ ಬರೀ ಪ್ರಶ್ನೆ ಕೇಳಿದರು. ಮೆಟ್ಟಿಲು ಹತ್ತಿದಾಗ ನೋವು ಬರುತ್ತದೆಯೇ, ಎದೆ ಹಿಡಿದಂತಾಗುತ್ತದೆಯೇ ಎಂದಾಗ ನನಗೆ ಗಾಬರಿಯಾಯಿತು. ಹೃದಯದ ನೋವು ಕೆಲವೊಮ್ಮೆ ಎದೆಗಿಂತ ಮೊದಲು ಕೆಳದವಡೆಯಲ್ಲಿ ಕಾಣಿಸಿಕೊಳ್ಳುತ್ತದಂತೆ. ನೆಗಡಿ ಇತ್ತೇ, ಬಗ್ಗಿದರೆ ಕೆನ್ನೆಯ ಮೂಳೆ ಭಾರವಾಗುತ್ತದೆಯೇ? ಸೈನಸ್ ತುಂಬಿಕೊಂಡರೂ ಮೇಲಿನ ದವಡೆಹಲ್ಲುಗಳು ನೋಯುತ್ತವೆ. ಮುಖಕ್ಕೆ ಗಾಳಿ ಸೋಕಿದರೆ ಕರೆಂಟು ಹೊಡೆದಂತೆ ಕ್ಷಣ ಮಾತ್ರ ಬಂದು ಹೋಗುತ್ತದೆಯೇ? ಅದು ಮುಖದ ನರದ ಕಾಯಿಲೆ, ಹಲ್ಲಿಗೆ ಸಂಬಂಧವಿಲ್ಲ, ಆದರೂ ಅದಕ್ಕಾಗಿ ಹಲ್ಲುಗಳನ್ನು ಕೀಳಿಸಿಕೊಂಡವರಿದ್ದಾರೆ. ರಾತ್ರಿ ಹಲ್ಲು ಕಡಿಯುತ್ತೀರಾ? ಇಲ್ಲ ಎಂದೆ. ‘ಮನೆಯವರನ್ನು ಕೇಳಿ ಹೇಳಿ ಮೇಡಂ’ ಎಂದರು. ಸಂಜೆ ಕೇಳಿದಾಗ ನಮ್ಮವರು, ‘ವರ್ಷಗಳಿಂದ ಕಡಿಯುತ್ತಿದ್ದೀಯೆ, ಹೇಳಿದರೆ ಬೈಯುತ್ತೀಯೆ ಎಂದು ಸುಮ್ಮನಿದ್ದೆ’ ಎಂದರು.

ಆಮೇಲೆ ಪರೀಕ್ಷೆ. ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ಟಕ್ ಟಕ್ ಎಂದು ತಟ್ಟಿದರು, ಮೇಲಿನ ಸಾಲೂ ಸೇರಿ. ಕೆಳಗೆ ನೋವು ಎಂದು ನೆನಪಿಸಿದೆ. ಹೌದೆಂದು ತಲೆಯಾಡಿಸಿ ಮೇಲಿನದನ್ನೇ ತಟ್ಟುತ್ತಿದ್ದರು. ಶೀತಲ ದ್ರವ ಸಿಂಪಡಿಸಿದ ಹತ್ತಿಯುಂಡೆಯನ್ನು ಒಂದೊಂದಕ್ಕೂ ಮುಟ್ಟಿಸಿದರು. ಕೆಳಗಿನ ಹಲ್ಲುಗಳೆಲ್ಲ ಚುಳ್ ಎಂದು, ಎರಡು ಸೆಕೆಂಡಿನಲ್ಲಿ ಸುಮ್ಮನಾದವು. ಅದು ಆರೋಗ್ಯದ ಲಕ್ಷಣವಂತೆ. ಬಿಸಿ ಮಾಡಿದ ಕಡ್ಡಿಯೊಂದನ್ನು ಮುಟ್ಟಿಸುತ್ತಾ ಬಂದು ಮೇಲಿನ ಬೆಳ್ಳಿ ಹಲ್ಲಿಗೆ ತಾಕಿಸಿದರು. ಕುರ್ಚಿಯ ಕೈ ಹಿಡಿದು ಅರ್ಧ ಎದ್ದೆ. ನೋವು ಚಿಮ್ಮಿದ್ದು ಕೆಳಗೆ.

ಬಳಿಕ ಸಣ್ಣ ಪ್ಲಾಸ್ಟಿಕ್ಕಿನ ಒಂದು ಗೂಟದಂಥದ್ದನ್ನು ಆ ಹಲ್ಲಿನ ಒಂದೊಂದೇ ಮೂಲೆಯ ಉಬ್ಬಿನ ಮೇಲಿಟ್ಟು ‘ಕಚ್ಚಿ, ಬಿಡಿ’ ಎಂದರು. ಒಂದು, ಎರಡು, ಮೂರು. ಏನೂ ಇಲ್ಲ. ನಾಲ್ಕನೆಯದನ್ನು ಕಚ್ಚಿದೆ, ಬಿಟ್ಟೆ. ಸಂಕ್ರಾಂತಿಯ ನಂತರದ ಅದೇ ಚುಳುಕು. ಎರಡು ತಿಂಗಳಿನಿಂದ ಯಾರ ಕೈಗೂ ಸಿಗದೆ ಓಡಾಡುತ್ತಿದ್ದದ್ದು ಕುತ್ತಿಗೆಪಟ್ಟಿ ಹಿಡಿದು ನಿಲ್ಲಿಸಿದಂತೆ ಸಿಕ್ಕಿಬಿದ್ದಿತು. ಬಿರುಕಿರುವ ಹಲ್ಲಿನ ಗುರುತೇ ಇದು. ಕಚ್ಚಿದಾಗ ಬಿರುಕು ಬಾಯಿ ಬಿಡುತ್ತದೆ, ಬಿಟ್ಟಾಗ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಹಲ್ಲಿನ ಒಳಪದರದ ತುಂಬ ಕಣ್ಣಿಗೆ ಕಾಣದ ಸೂಕ್ಷ್ಮ ಕೊಳವೆಗಳಿವೆ. ಅವುಗಳೊಳಗಿನ ದ್ರವ ಆ ಹೊಡೆತಕ್ಕೆ ಅಲುಗಿ ನರವನ್ನು ಚುಚ್ಚುತ್ತದೆ. ಬಿರುಕು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಹಿಂದಿನಿಂದ ಮುಂದಕ್ಕೆ ಹಾಯ್ದ ಬಿರುಕನ್ನು ಬದಿಯಿಂದ ತೆಗೆದ ಚಿತ್ರದಲ್ಲಿ ಹುಡುಕುವುದು ಮುಚ್ಚಿದ ಪುಸ್ತಕದಲ್ಲಿ ಒಂದು ಹಾಳೆ ಹುಡುಕಿದಂತೆ.

ಇಷ್ಟಾದರೂ ನನಗೆ ಒಪ್ಪಿಗೆಯಾಗಲಿಲ್ಲ. ನೋಯುವುದು ಕೆಳಗೆ, ರೋಗ ಮೇಲೆ ಎಂದರೆ ಹೇಗೆ? ಅವರು ಕೈಗವಸಿನ ಡಬ್ಬದ ಮೇಲೆ ಪೆನ್ನಿನಿಂದ ಒಂದು ಚಿತ್ರ ಬರೆದರು. ಮುಖದ ಒಂದು ಬದಿಗೆ ಒಂದೇ ದೊಡ್ಡ ನರ, ಅದಕ್ಕೆ ಮೂರು ಕವಲು: ಕಣ್ಣಿಗೊಂದು, ಮೇಲ್ದವಡೆಗೊಂದು, ಕೆಳದವಡೆಗೊಂದು. ಹಲ್ಲಿನೊಳಗಿನ ನರಕ್ಕೆ ನೋವೆಂದು ಕೂಗುವುದು ಗೊತ್ತು, ಎಲ್ಲಿಂದ ಕೂಗುತ್ತಿದ್ದೇನೆಂದು ಹೇಳುವುದು ಗೊತ್ತಿಲ್ಲ. ಜಾಗದ ಅರಿವಿರುವುದು ಹಲ್ಲಿನ ಬೇರಿನ ಸುತ್ತ ಇರುವ ತೆಳು ಪದರಕ್ಕೆ. ಉರಿಯೂತ ಅಲ್ಲಿಗೆ ಇಳಿಯುವವರೆಗೆ ಮಿದುಳು ಊಹೆ ಮಾಡುತ್ತದೆ. ಮೇಲಿನದು ಕೆಳಗೆ, ಕೆಳಗಿನದು ಮೇಲೆ, ಒಮ್ಮೊಮ್ಮೆ ಕಿವಿಗೆ. ಎಡದ್ದು ಬಲಕ್ಕೆ ಮಾತ್ರ ಹೋಗುವುದಿಲ್ಲವಂತೆ. ನನಗೆ ನೆನಪಾದದ್ದು ನಮ್ಮ ಹಳೆಯ ಬಾಡಿಗೆ ಮನೆ. ಮಹಡಿಯವರಿಗೂ ನಮಗೂ ಕರೆಗಂಟೆಯ ತಂತಿ ಒಂದೇ ಆಗಿತ್ತು. ಮಹಡಿಯವರ ನೆಂಟರು ಗಂಟೆ ಒತ್ತಿದರೆ ನಾವು ಹೋಗಿ ಬಾಗಿಲು ತೆರೆಯುತ್ತಿದ್ದೆವು.

‘ಸಂಶಯ ಪೂರ್ತಿ ಹೋಗಲಿ ಮೇಡಂ’ ಎಂದು ಅವರು ಮೇಲಿನ ಆ ಹಲ್ಲಿನ ಪಕ್ಕದ ಒಸಡಿಗೆ ಮಾತ್ರ ಇಂಜೆಕ್ಷನ್ ಕೊಟ್ಟರು. ‘ಕೆಳಗಿನ ದವಡೆಗೆ ಈ ಮದ್ದು ಮುಟ್ಟುವುದಿಲ್ಲ. ಕೆಳಗಿನ ಹಲ್ಲು ತಪ್ಪು ಮಾಡಿದ್ದರೆ ನೋವು ಹಾಗೆಯೇ ಇರಬೇಕು.’

ಗೋಡೆಯ ಗಡಿಯಾರ ನೋಡುತ್ತಾ ಕುಳಿತೆ. ಬಾಟಲಿ ಕೈಯಲ್ಲೇ ಇತ್ತು. ಒಂದು ನಿಮಿಷ, ಎರಡು. ಮೇಲಿನ ತುಟಿಯ ಅಂಚು ದಪ್ಪಗಾದಂತೆ ಅನ್ನಿಸಿತು. ನಾಲ್ಕನೆಯ ನಿಮಿಷದ ಹೊತ್ತಿಗೆ ಕೆಳದವಡೆಯ ನೋವು ಸಂತೆ ಮುಗಿದ ಬಯಲಿನಂತೆ ಖಾಲಿಯಾಗುತ್ತಾ ಬಂತು. ಕೆಳಗಿನ ತುಟಿಗೆ ಉಗುರು ಒತ್ತಿ ನೋಡಿಕೊಂಡೆ. ಚೆನ್ನಾಗಿ ನೋಯಿತು. ಅಲ್ಲಿಗೆ ಜೋಮು ಹೋಗಿಯೇ ಇರಲಿಲ್ಲ. ನೋವು ಮಾತ್ರ ಹೋಗಿತ್ತು. ಇಪ್ಪತ್ತೆರಡು ವರ್ಷಗಳಿಂದ ಕರಿಹಲಗೆಯ ಮೇಲೆ ‘ಇದೇ ಸಾಧಿಸಬೇಕಾದದ್ದು’ ಎಂದು ಬರೆದು ಗೆರೆ ಎಳೆಯುತ್ತಿದ್ದೇನೆ. ಇಷ್ಟು ಚೊಕ್ಕವಾದ ಸಾಧನೆಯನ್ನು ನನ್ನದೇ ಬಾಯಲ್ಲಿ ಕಾಣುತ್ತೇನೆಂದು ಎಣಿಸಿರಲಿಲ್ಲ. ಅತ್ತೆ ಕೂಡ ಗಾದೆಯನ್ನು ಸರಿಯಾಗಿಯೇ ಹೇಳಿದರು, ಮನೆಗೆ ಬಂದು ವಿವರಿಸಿದಾಗ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿಸಿಕೊಂಡು ಬಂದೆಯಲ್ಲ.

ಬೆಳ್ಳಿಯನ್ನು ಕೊರೆದು ತೆಗೆದು, ಒಳಗೆ ನೀಲಿ ಬಣ್ಣ ಬಳಿದು ತೊಳೆದಾಗ ಬಿರುಕು ಕಾಣಿಸಿತು. ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಇಂಕು ಪೆನ್ನಿನಿಂದ ಎಳೆದಂಥ ಒಂದು ಗೆರೆ, ಹಲ್ಲಿನ ಹಿಂದಿನ ಅಂಚಿನಿಂದ ನಡುವಿನವರೆಗೆ. ದೊಡ್ಡ ಬೆಳ್ಳಿ ತುಂಬಿದ ಹಲ್ಲು ಒಳಗಿನಿಂದ ಸೊರಗಿರುತ್ತದೆ, ವರ್ಷಗಟ್ಟಲೆ ಕಡಿತಕ್ಕೆ ನಿಧಾನವಾಗಿ ಸೀಳುತ್ತದೆ. ಆನೆಯ ಹಿಂಗಾಲು ಕೊನೆಯ ಏಟು ಇರಬಹುದು, ಇಲ್ಲದೆಯೂ ಇರಬಹುದು ಎಂದರು. ನಾನು ಆನೆಯ ಮೇಲಿನ ಆರೋಪ ಹಿಂತೆಗೆದುಕೊಂಡಿಲ್ಲ. ಬಿರುಕು ಬೇರಿಗೆ ಇಳಿದಿದ್ದರೆ ಹಲ್ಲು ಕೀಳದೆ ಗತಿಯಿರಲಿಲ್ಲ. ಇಳಿದಿರಲಿಲ್ಲ. ಮುಂದೆ ಇಳಿಯುವುದಿಲ್ಲ ಎಂಬ ಭರವಸೆಯನ್ನು ಅವರು ಕೊಡಲಿಲ್ಲ, ನಾನೂ ಈ ಸಲ ಜಗಳವಾಡಲಿಲ್ಲ.

ರೂಟ್ ಕೆನಾಲ್ ಬಗ್ಗೆ ಜನ ಹೆದರಿಸುವಷ್ಟು ಹೇಳಲು ನನ್ನಲ್ಲಿ ಏನೂ ಇಲ್ಲ. ಬಾಯಿಗೆ ರಬ್ಬರಿನ ಹಾಳೆ ಕಟ್ಟಿ ಆ ಒಂದು ಹಲ್ಲನ್ನು ಮಾತ್ರ ಹೊರಗೆ ಬಿಡುತ್ತಾರೆ. ಬ್ಲೀಚಿಂಗ್ ಪುಡಿಯ ವಾಸನೆ ಬರುತ್ತದೆ, ಏಕೆಂದರೆ ಒಳಗೆ ತೊಳೆಯುವುದು ಅದೇ ಜಾತಿಯ ದ್ರವದಲ್ಲಿ. ಸೂಜಿಯಂಥ ಅರ ಬೇರಿನ ತುದಿ ಮುಟ್ಟಿದಾಗ ಯಂತ್ರವೊಂದು ಬೀಪ್ ಎನ್ನುತ್ತದೆ. ಮೇಲಿನ ಮೊದಲ ದವಡೆಹಲ್ಲಿಗೆ ಬೇರು ಮೂರಾದರೂ ಒಳಗಿನ ನಾಳ ಬಹುಪಾಲು ಜನರಲ್ಲಿ ನಾಲ್ಕು. ನಾಲ್ಕನೆಯದು ಅಡಗಿ ಕುಳಿತಿರುತ್ತದೆ. ನನ್ನದನ್ನು ಹುಡುಕಲು ಪ್ರಾಧ್ಯಾಪಕರೇ ಬರಬೇಕಾಯಿತು. ಅರದ ತುದಿಗೆ ಸುತ್ತಿಕೊಂಡು ಬಂದ ನರವನ್ನು ತೋರಿಸಿ ಎಂದು ಕೇಳಿದೆ. ಬಟ್ಟೆಯ ಅಂಚಿನಿಂದ ಬಿಚ್ಚಿದ ಕೆಂಪು ನೂಲಿನ ಎಳೆಯಂತಿತ್ತು, ಅರ್ಧ ಅಂಗುಲವೂ ಇಲ್ಲ. ಬೆರಳು ಊದಿದರೆ ಹೊರಕ್ಕೆ ಹಿಗ್ಗುತ್ತದೆ. ಇದು ಊದಿದರೆ ಸುತ್ತ ಕಲ್ಲಿನಂಥ ಗೋಡೆ, ಹೋಗಲು ಜಾಗವಿಲ್ಲ. ಮಲಗಿದಾಗ ತಲೆಗೆ ರಕ್ತದ ಒತ್ತಡ ಏರಿ ಇನ್ನೂ ಕುದಿಯುತ್ತದೆ. ಅದಕ್ಕೇ ರಾತ್ರಿಯೇ ಹೆಚ್ಚು. ಎರಡು ದಿಂಬಿಟ್ಟು ತಲೆ ಎತ್ತರಿಸಿ ಮಲಗಿ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಫ್ರಿಜ್ಜಿನ ಬುಡದಲ್ಲಿ ಕೂರುವ ಕೆಲವು ಗಂಟೆಗಳಾದರೂ ಉಳಿಯುತ್ತಿದ್ದವು.

ಎರಡನೆಯ ಭೇಟಿಯಲ್ಲಿ ನಾಳಗಳಿಗೆ ಗುಲಾಬಿ ಬಣ್ಣದ ಬತ್ತಿಗಳನ್ನು ತುಂಬಿದರು. ಗಟ್ಟಾ ಪರ್ಚಾ ಎಂದು ಅದರ ಹೆಸರು, ಆಗ್ನೇಯ ಏಷ್ಯಾದ ಒಂದು ಮರದ ಹಾಲು. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಕಿದ ಮೊದಲ ತಂತಿಗೆ ನೀರು ತಾಗದಂತೆ ಹೊದಿಸಿದ್ದೂ ಇದನ್ನೇ. ಎಕ್ಕದ ಹಾಲು ಬೇಡವೆಂದವಳ ಹಲ್ಲಿಗೆ ಕೊನೆಗೂ ಒಂದು ಮರದ ಹಾಲೇ ಬಿತ್ತು ಎಂದು ಸಮಾಜ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು ಗೆದ್ದವರಂತೆ ನಕ್ಕರು.

ಮೊದಲ ಭೇಟಿಯ ರಾತ್ರಿಯೇ ನಿದ್ದೆ ಬಂತು. ಕಚ್ಚಿದರೆ ಎರಡು ಮೂರು ದಿನ ಮೊಂಡು ನೋವಿತ್ತು, ಐಬುಪ್ರೊಫೇನಿಗೆ ಬಗ್ಗಿತು. ನಡುವೆ ಯುಗಾದಿ ಬಂತು. ಕ್ಯಾಪ್ ಕೂರಿಸುವವರೆಗೆ ಆ ಕಡೆ ಅಗಿಯಬೇಡಿ, ಬಿರುಕು ಬಿಟ್ಟ ಹಲ್ಲು ಟೋಪಿಯಿಲ್ಲದೆ ಇಬ್ಭಾಗವಾಗಬಹುದು ಎಂದಿದ್ದರು. ಒಬ್ಬಟ್ಟು ಬಲಗಡೆಯಲ್ಲಿ ಕರಗಿತು. ಮರುದಿನ ಹೊಸತೊಡಕು. ಎಲ್ಲರೂ ಮಟನ್ ಮೂಳೆ ಚೀಪಿ ತಟ್ಟೆಗೆ ಬಡಿಯುತ್ತಿದ್ದಾಗ ನಾನು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುತ್ತಿದ್ದೆ. ಹೊಗೆಯಾಡುವಷ್ಟು ಬಿಸಿಯಾಗಿತ್ತು.

ರೂಟ್ ಕೆನಾಲ್, ಕ್ಯಾಪ್ ಎಲ್ಲ ಸೇರಿ ಕಾಲೇಜಿನಲ್ಲಿ ನನಗೆ ಖರ್ಚಾದದ್ದು 6,000 ರೂಪಾಯಿಗೆ ಸ್ವಲ್ಪ ಕಡಿಮೆ. ಸಮಯ ಮಾತ್ರ ಧಾರಾಳವಾಗಿ ಹೋಯಿತು. ಐದು ಸಲ ರೈಲು, ಐದು ಅರ್ಧ ದಿನದ ರಜೆ. ರಾತ್ರಿ ಹಲ್ಲು ಕಡಿಯುವುದಕ್ಕೆ ಒಂದು ಪಾರದರ್ಶಕ ಕವಚ ಮಾಡಿಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡು ಮಾತಾಡಿದರೆ ನಾಲಿಗೆ ತೊದಲುತ್ತದೆ, ಹಾಗಾಗಿ ನಮ್ಮ ಮನೆಯಲ್ಲಿ ಹತ್ತು ಗಂಟೆಯ ನಂತರ ವಾದ ವಿವಾದಗಳಿಲ್ಲ.

ಕಿತ್ತ ಬುದ್ಧಿಹಲ್ಲು ಒಂದು ಕಾಗದದ ಪೊಟ್ಟಣದಲ್ಲಿ ಬೀರುವಿನಲ್ಲಿದೆ. ಹಾಲುಹಲ್ಲಾಗಿದ್ದರೆ ಸಗಣಿಯ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಯಬಹುದಿತ್ತು. ನಲವತ್ತಾರರ ಹೆಂಗಸಿನ ಹಲ್ಲಿಗೆ ಏನು ವಿಧಿ ಎಂದು ಅತ್ತೆಗೂ ಗೊತ್ತಿಲ್ಲ.

ಈ ವರ್ಷ ಪಕ್ಕದ ಮನೆಯ ಹುಡುಗಿ ಮತ್ತೆ ಎಳ್ಳು ಬೀರಲು ಬಂದಳು. ಈ ಸಲ ಅಚ್ಚಿನಲ್ಲಿ ಕುದುರೆ. ಅವಳು ಗೇಟು ದಾಟುವವರೆಗೆ ಕಾದು, ಕುಟ್ಟಾಣಿಗೆ ಹಾಕಿ ನಾಲ್ಕು ಏಟು ಕೊಟ್ಟು, ಪುಡಿಯನ್ನು ಕಾಫಿಗೆ ಬೆರೆಸಿ ಬಿಸಿ ಬಿಸಿಯಾಗಿ ಕುಡಿದೆ.